ಅಂಗಳದಲ್ಲಿ ಬಿದ್ದ ಹಸಿರು ಹನಿ

ಶಿರಾಡಿ ಘಾಟಿಯ ಅರ್ಧ ಏರು ಮುಗಿದಿತ್ತು. ಮುಂದೆ ಸಿಮೆಂಟ್ ತುಂಬಿದ ಲಾರಿ, ಹಿಂದೆ ಬಸ್ಸು. ನಡುವೆ ನಮ್ಮ ಕಾರು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಾ ಹತ್ತುತ್ತಿತ್ತು. ತಣ್ಣಗೆ ಬರುತ್ತಿದ್ದ ಎ.ಸಿ. ಗಾಳಿ ಒಮ್ಮೆಲೇ ಬಿಸಿಯಾಯಿತು. ಜೊತೆಗೆ ಬೆಲ್ಲ ಕಾಯಿಸಿದಂಥ ಸಿಹಿ ವಾಸನೆ. ಸ್ಟೇರಿಂಗ್ ಹಿಡಿದಿದ್ದ ಮಾವ ಮೀಟರ್ ಕಡೆ ಕಣ್ಣು ಹಾಯಿಸಿದರು. ಯಾವಾಗಲೂ ನಡುವಿನಲ್ಲಿ ನಿಲ್ಲುವ ತಾಪಮಾನದ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿತ್ತು.

"ಇದೆಂತ ಇದು? ನಿನ್ನೆ ತನಕ ಸರಿ ಇತ್ತಲ್ಲ!" ಎಂದರು ಮಾವ.

ನಾನು ಮಾತಾಡಲಿಲ್ಲ. ನಿನ್ನೆ ತನಕವೂ ಸರಿ ಇರಲಿಲ್ಲ ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಮರುದಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬೆಂಗಳೂರಿನಲ್ಲಿ ನನ್ನ ಸಂದರ್ಶನ. ಡಿಗ್ರಿ ಮುಗಿಸಿ ಹದಿನಾಲ್ಕು ತಿಂಗಳಾದ ಮೇಲೆ ಕೊನೆಯ ಸುತ್ತಿನವರೆಗೆ ಹೋದ ಮೊದಲ ಕೆಲಸ ಅದು. "ರಾತ್ರಿ ಬಸ್ಸಲ್ಲಿ ನಿದ್ದೆಗೆಟ್ಟು ಹೋಗಿ ಎಂತ ಇಂಟರ್‌ವ್ಯೂ ಕೊಡ್ತಿ? ನಾನೇ ಬಿಡ್ತೇನೆ" ಎಂದು ಮಾವ ತಮ್ಮ ಹನ್ನೆರಡು ವರ್ಷದ ಕಾರು ತೆಗೆದಿದ್ದರು. ಹಾಸನ ದಾಟಿದ ಮೇಲೆ ಅಗಲ ರಸ್ತೆಯಲ್ಲಿ ನಾನೇ ಓಡಿಸಬಹುದೆಂದೂ ಮಾತಾಗಿತ್ತು. ಹೊಸದಾಗಿ ಲೈಸೆನ್ಸ್ ಪಡೆದವನಿಗೆ ಇದು ಸಂದರ್ಶನಕ್ಕಿಂತ ದೊಡ್ಡ ಆಸೆ.

ಅದಕ್ಕೆ ಒಂದು ವಾರದ ಮೊದಲು ಪುತ್ತೂರಿನ ಮಾವನ ಮನೆಯಂಗಳದಲ್ಲಿ ಕಾರು ತೊಳೆಯುತ್ತಿದ್ದಾಗ ಅದರ ಅಡಿಯಲ್ಲಿ ನಾಲ್ಕೈದು ಹನಿ ಕಂಡಿದ್ದವು. ಎ.ಸಿ. ನೀರಿರಬೇಕು ಎಂದುಕೊಂಡೆ. ಆದರೆ ಎ.ಸಿ.ಯಿಂದ ತೊಟ್ಟಿಕ್ಕುವುದು ಬರೀ ನೀರು, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇದು ತಿಳಿ ಹಸಿರಾಗಿತ್ತು, ಬೆರಳಿಗೆ ಜಾರುತ್ತಿತ್ತು. ಬಾನೆಟ್ ಎತ್ತಿ ನೋಡಿದರೆ ಕೂಲೆಂಟ್ ತುಂಬುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತಲೂ ಕೆಳಗಿತ್ತು. ಬಾವಿಯಿಂದ ಒಂದು ಚೊಂಬು ನೀರು ತಂದು ಸುರಿದೆ. ನಾಲ್ಕು ದಿನ ಬಿಟ್ಟು ನೋಡಿದರೆ ಮತ್ತೆ ಇಳಿದಿತ್ತು. ಮತ್ತೆ ಸುರಿದೆ. ಹೇಳಿದರೆ ಮಾವ ಕಾರನ್ನು ಗ್ಯಾರೇಜಿಗೆ ಬಿಟ್ಟು, ನನ್ನನ್ನು ಬಸ್ಸು ಹತ್ತಿಸುತ್ತಾರೆ ಎಂಬ ಹೆದರಿಕೆ.

ಕೂಲೆಂಟ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಎಥಿಲೀನ್ ಗ್ಲೈಕಾಲ್ ಎಂಬ ದ್ರವ, ನೀರು, ತುಕ್ಕು ಹಿಡಿಯದಂತೆ ತಡೆಯುವ ಕೆಲವು ರಾಸಾಯನಿಕಗಳ ಮಿಶ್ರಣವದು. ಎಂಜಿನ್ನಿನ ಶಾಖ ಹೊತ್ತು ರೇಡಿಯೇಟರಿಗೆ ಹೋಗಿ, ಅಲ್ಲಿ ಗಾಳಿಗೆ ಶಾಖ ಬಿಟ್ಟು, ಮತ್ತೆ ಎಂಜಿನ್ನಿಗೆ ಮರಳುತ್ತದೆ. ಎಂಜಿನ್ ಸುಮಾರು 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರುವುದು ಹೀಗೆ. ಸುತ್ತುವುದೆಲ್ಲ ಮುಚ್ಚಿದ ದಾರಿಯೊಳಗೇ ಆದ್ದರಿಂದ ಮಟ್ಟ ಪದೇ ಪದೇ ಇಳಿಯುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಊರೊಳಗೆ ಐದಾರು ಕಿಲೋಮೀಟರ್ ಓಡಾಡುವಾಗ ಆ ಸೋರಿಕೆ ಸುಮ್ಮನಿರುತ್ತದೆ. ಘಾಟಿಯಲ್ಲಿ ಎಂಜಿನ್ನಿಗೆ ಭಾರ ಹೆಚ್ಚು, ವೇಗ ಕಡಿಮೆಯಾದ್ದರಿಂದ ಎದುರುಗಾಳಿಯೂ ಕಡಿಮೆ, ಮೇಲೆ ಎ.ಸಿ.ಯ ಶಾಖ ಬೇರೆ. ಸಣ್ಣ ಸೋರಿಕೆ ದೊಡ್ಡದಾಗುವುದು ಅಲ್ಲೇ.

ಮಾವ ಎ.ಸಿ. ಆರಿಸಿ, ಕಿಟಕಿಗಳನ್ನು ಇಳಿಸಿ, ಹೀಟರನ್ನು ಪೂರ್ತಿ ತಿರುಗಿಸಿದರು. ಆ ಸೆಕೆಯಲ್ಲಿ ಹೀಟರ್! ಇವರಿಗೆ ತಲೆ ಕೆಟ್ಟಿತೇ ಎನಿಸಿತು. ಆಮೇಲೆ ತಿಳಿಯಿತು: ಕಾರಿನ ಹೀಟರ್ ಎಂಜಿನ್ನಿನ ಶಾಖವನ್ನೇ ಎಳೆದು ಒಳಗೆ ಬಿಡುತ್ತದೆ, ಅಂದರೆ ಅದೂ ಒಂದು ಪುಟ್ಟ ರೇಡಿಯೇಟರ್. ಮುಳ್ಳು ಕೂದಲೆಳೆಯಷ್ಟು ಕೆಳಗಿಳಿಯಿತು. ಮುಂದಿನ ತಿರುವಿನಲ್ಲೇ ರಸ್ತೆ ಬದಿ ಅಗಲ ಜಾಗ ಸಿಕ್ಕಿತು. ಕಾರು ಪಕ್ಕಕ್ಕೆ ಹಾಕಿ, ಎಂಜಿನ್ ಆರಿಸಿ, ಹ್ಯಾಜರ್ಡ್ ಲೈಟ್ ಹಾಕಿದರು. ನಾನು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಬಂದ ದಾರಿಯಲ್ಲಿ ಸ್ವಲ್ಪ ಹಿಂದೆ ಹೋಗಿ ಕೆಂಪು ತ್ರಿಕೋನ ಇಟ್ಟು ಬಂದೆ. ಮುಳ್ಳು ಕೆಂಪು ಮುಟ್ಟಿಬಿಟ್ಟಿದ್ದರೆ ಈ ಹೀಟರ್ ಉಪಾಯಕ್ಕೂ ಕಾಯುವಂತಿರಲಿಲ್ಲ, ಸಿಕ್ಕಿದ ಅಂಚಿನಲ್ಲೇ ನಿಲ್ಲಿಸಿ ಎಂಜಿನ್ ಆರಿಸಬೇಕಿತ್ತು. ಇನ್ನೊಂದು ವಿಚಾರವೂ ಅಂದೇ ಗೊತ್ತಾಯಿತು. ಕೂಲೆಂಟ್ ಪೂರ್ತಿ ಖಾಲಿಯಾದರೆ ತಾಪ ಅಳೆಯುವ ಸೆನ್ಸರ್ ದ್ರವವಿಲ್ಲದೆ ಉಳಿದು, ಮುಳ್ಳು ತಾನಾಗಿಯೇ ಕೆಳಗೆ ಬೀಳಬಹುದು. ಎಂಜಿನ್ ತಣ್ಣಗಾಯಿತೆಂದು ಖುಷಿಪಟ್ಟರೆ ಅಷ್ಟೇ ಕತೆ.

ಬಾನೆಟ್ ಸಂದಿಯಿಂದ ಬರುತ್ತಿದ್ದ ಹಬೆ ನಿಂತ ಮೇಲೆ ಅದನ್ನು ಎತ್ತಿದೆವು. ಗಂಟೆ ಮೂರೂಕಾಲು. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ನೀರು ಸುರಿ, ಹೊರಡು. ಒಂದು ಕೈಯಲ್ಲಿ ಬಾಟಲಿ ಹಿಡಿದು, ಇನ್ನೊಂದು ಕೈಗೆ ಕರವಸ್ತ್ರ ಸುತ್ತಿಕೊಂಡು ಮುಚ್ಚಳದ ಮೇಲೆ ಇಟ್ಟೇಬಿಟ್ಟಿದ್ದೆ. ಮಾವ ನನ್ನ ಮಣಿಕಟ್ಟು ಹಿಡಿದು ಎಳೆದ ರಭಸಕ್ಕೆ ಬಾಟಲಿ ಕೆಳಗೆ ಬಿತ್ತು.

"ಸೀಟಿ ಹೊಡೆಯುವ ಕುಕ್ಕರಿನ ಮುಚ್ಚಳ ತೆಗೀತೀಯಾ ಮಾರಾಯ? ಮುಖ ಬೇಯ್ತದೆ!"

ಅವರ ದನಿ ನಡುಗುತ್ತಿತ್ತು. ಆ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಒತ್ತಡ ಇರುವುದರಿಂದಲೇ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ದ್ರವವಾಗಿ ಉಳಿದಿರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಕುಸಿದು, ಅಷ್ಟೂ ದ್ರವ ಕುದಿದು, ಹಬೆಯೊಂದಿಗೆ ಮೇಲಕ್ಕೆ ಚಿಮ್ಮುತ್ತದೆ. ಕರವಸ್ತ್ರ ಅದನ್ನು ತಡೆಯುವುದಿಲ್ಲ. ಬೆಂದ ಮುಖ ಹೊತ್ತು ಯಾವ ಸಂದರ್ಶನಕ್ಕೂ ಹೋಗಲಾಗುತ್ತಿರಲಿಲ್ಲ.

ಘಾಟಿ ಇಳಿದು ಬಂದ ಲಾರಿಯೊಂದು ಬ್ರೇಕ್ ಆರಿಸಲು ಎದುರು ಬದಿಯಲ್ಲಿ ನಿಂತಿತ್ತು. ಅದರ ಚಾಲಕ ನಮ್ಮನ್ನು ನೋಡಿ ಐದು ಲೀಟರಿನ ಕ್ಯಾನ್ ಹಿಡಿದುಕೊಂಡೇ ಬಂದರು. ಹಾಸನ ಕಡೆಯವರು. "ನೀರು ಕೊಡ್ತೀನಿ, ಆದ್ರೆ ಈಗ್ಲೇ ಹುಯ್ಬೇಡಿ ಸಾರ್. ಕಾದ ಎಂಜಿನ್‌ಗೆ ತಣ್ಣೀರು ಬಿದ್ರೆ ಹೆಡ್ಡೇ ಸೀಳುತ್ತೆ. ಮುಕ್ಕಾಲು ಗಂಟೆ ಸುಮ್ನೆ ಕೂತ್ಕಳಿ" ಎಂದರು.

ಕೂತೆವು. ಕಾರಿನ ಅಡಿಯಿಂದ ಹಸಿರು ದ್ರವ ಹರಿದು ಸಣ್ಣ ಹೊಂಡವಾಗಿತ್ತು. ಎಲ್ಲಿಂದಲೋ ಬಂದ ನಾಯಿಯೊಂದು ಅದನ್ನು ಮೂಸುತ್ತಿದ್ದಂತೆ ಮಾವ ಎದ್ದು ಓಡಿಸಿ, ಹೊಂಡದ ಮೇಲೆ ಮಣ್ಣು ಎಳೆದು ಮುಚ್ಚಿದರು. ಎಥಿಲೀನ್ ಗ್ಲೈಕಾಲ್ ಬಾಯಿಗೆ ಸಿಹಿ, ಹೊಟ್ಟೆಗೆ ವಿಷ. ಸ್ವಲ್ಪ ನೆಕ್ಕಿದರೂ ನಾಯಿ, ಬೆಕ್ಕುಗಳ ಮೂತ್ರಪಿಂಡ ಕೆಟ್ಟು ಸಾಯಬಹುದು. ಮಾವನ ಮನೆಯಂಗಳದಲ್ಲಿ ಹನಿ ಬಿದ್ದ ಜಾಗದಲ್ಲೇ ಅವರ ನಾಯಿ ದಿನವೂ ಮಲಗುತ್ತಿತ್ತು. ಅದು ನೆನಪಾದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

"ಮಾವ, ಒಂದು ವಾರದಿಂದ ಸೋರ್ತಾ ಇತ್ತು. ನಾನು ನೋಡಿದ್ದೆ. ನಿಮಗೆ ಹೇಳ್ಲಿಲ್ಲ."

ಅವರು ಸ್ವಲ್ಪ ಹೊತ್ತು ರಸ್ತೆಯ ಕಡೆಗೇ ನೋಡುತ್ತಿದ್ದರು. ಬೈಯಲಿಲ್ಲ. "ಅವತ್ತೇ ಹೇಳಿದ್ರೆ ಪೇಟೆಯಲ್ಲಿ ಅರ್ಧ ಗಂಟೆಯ ಕೆಲಸ. ಗ್ಯಾರೇಜಿಂದ ಕಾರು ತಂದು ಇವತ್ತು ನಾವೇ ಹೊರಡ್ಬಹುದಿತ್ತು" ಎಂದು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ಆ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಹೇಳಿದರೆ ಕಾರು ಕೈತಪ್ಪುತ್ತದೆ ಎಂದಷ್ಟೇ ಯೋಚಿಸಿದ್ದೆ, ರಿಪೇರಿಯಾಗಿ ಬರುತ್ತದೆ ಎಂದು ಯೋಚಿಸಿರಲಿಲ್ಲ.

ಐವತ್ತು ನಿಮಿಷ ಕಳೆದ ಮೇಲೆ ಮಾವ ದಪ್ಪ ಟವೆಲ್ ಮುಚ್ಚಿ, ಮುಖ ದೂರ ಹಿಡಿದು, ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸಿದರು. ಉಳಿದಿದ್ದ ಒತ್ತಡ ಬುಸ್ಸೆಂದು ಹೋದ ಮೇಲೆ ಪೂರ್ತಿ ತೆಗೆದರು. ಒಳಗೆ ಹನಿಯಿಲ್ಲ. ರೇಡಿಯೇಟರಿನ ಮೇಲಿನ ರಬ್ಬರ್ ಪೈಪು ಕ್ಲಾಂಪಿನ ಹತ್ತಿರ ಸೀಳಿತ್ತು. ಲಾರಿ ಚಾಲಕರು ತಮ್ಮ ಚಾಕುವಿನಿಂದ ಸೀಳಿದ ಅರ್ಧ ಇಂಚು ಕತ್ತರಿಸಿ, ಪೈಪನ್ನು ಎಳೆದು ಮತ್ತೆ ಸಿಕ್ಕಿಸಿ, ಸ್ಕ್ರೂಡ್ರೈವರಿನಿಂದ ಕ್ಲಾಂಪ್ ಬಿಗಿದರು. ನಿಧಾನವಾಗಿ ನೀರು ತುಂಬಿ, ಎಂಜಿನ್ ಚಾಲೂ ಮಾಡಿ, ಎಲ್ಲೂ ತೊಟ್ಟಿಕ್ಕುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೆವು. ದುಡ್ಡು ಕೊಡಲು ಹೋದರೆ ಅವರು ಕ್ಯಾನ್ ತೆಗೆದುಕೊಂಡು ನಕ್ಕು ಹೋದರು.

ಸಕಲೇಶಪುರದವರೆಗೆ ಮುಳ್ಳಿನ ಮೇಲೆಯೇ ಕಣ್ಣು. ಭಾನುವಾರವಾದರೂ ತೆರೆದಿದ್ದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಮೊದಲು ಮಾಡಿದ ಕೆಲಸ ಎಂಜಿನ್ ಆಯಿಲಿನ ಕಡ್ಡಿ ಎಳೆದು ನೋಡಿದ್ದು. ಆಯಿಲು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಕೂಲೆಂಟ್ ಅದರೊಳಗೆ ಸೇರಿದೆ, ಬಹುಶಃ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದರ್ಥ. ನಮ್ಮದು ಮಾಮೂಲಿ ಬಣ್ಣದಲ್ಲೇ ಇತ್ತು. "ಬಚಾವಾದ್ರಿ. ಹಾಗೇ ಹತ್ತಿಸಿದ್ರೆ ಹತ್ತಾರು ಸಾವಿರದ ಕೆಲಸ" ಎಂದರು. ಹೊಸ ಪೈಪು, ಹೊಸ ಕ್ಲಾಂಪು, ನಾವು ತುಂಬಿದ್ದ ನೀರು ಬಸಿದು ಸರಿಯಾದ ಕೂಲೆಂಟ್, ಎಲ್ಲ ಸೇರಿ 1,400 ರೂಪಾಯಿ. ಬಾವಿ, ಬೋರ್‌ವೆಲ್ ನೀರು ಆಪತ್ಕಾಲಕ್ಕೆ ಮಾತ್ರ, ಅದನ್ನೇ ಬಿಟ್ಟರೆ ಒಳಗೆ ತುಕ್ಕು, ಸುಣ್ಣ ಕಟ್ಟುತ್ತದೆ ಎಂದೂ ಹೇಳಿದರು. ನನ್ನ ಚೊಂಬು ನೆನಪಾಯಿತು.

ಬೆಂಗಳೂರು ಮುಟ್ಟುವಾಗ ರಾತ್ರಿ ಹನ್ನೆರಡರ ಹತ್ತಿರ. ಸಂದರ್ಶನಕ್ಕೆ ಸಮಯಕ್ಕೆ ಸರಿಯಾಗಿ ಹೋದೆ. ಆ ಕೆಲಸ ಸಿಗಲಿಲ್ಲ. ಅದಕ್ಕೆ ಕಾರಣ ಕಾರಲ್ಲ, ಅವರು ಕೇಳಿದ ಎರಡು ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಸಂದರ್ಶನ, ಪ್ರವಾಸ, ಗೆಳೆಯನ ಮದುವೆ ಎಂದು ಕಾರು ತೆಗೆಯುವ ಗೆಳೆಯ ಗೆಳತಿಯರೇ, ಹೊರಡುವ ಮುನ್ನಾದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಐದು ನಿಮಿಷ ಕೊಡಿ. ಕೂಲೆಂಟ್ ಡಬ್ಬಿಯ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ ನೋಡಿ. ಬಗ್ಗಿ ಕಾರಿನ ಅಡಿ ನೋಡಿ. ರಬ್ಬರ್ ಪೈಪುಗಳನ್ನು ಒತ್ತಿ ನೋಡಿ, ಬಿರುಕು ಬಿಟ್ಟಿದ್ದರೆ, ಮೆತ್ತಗೆ ಉಬ್ಬಿದ್ದರೆ ಬದಲಿಸಿ. ಯಾವ ಕೂಲೆಂಟ್ ಎಂಬುದನ್ನು ಬಣ್ಣ ನೋಡಿ ತೀರ್ಮಾನಿಸಬೇಡಿ, ಕಾರಿನ ಜೊತೆ ಬಂದ ಪುಸ್ತಕ ನೋಡಿ. ಐದು ಲೀಟರ್ ನೀರು, ಟಾರ್ಚ್, ಸ್ಕ್ರೂಡ್ರೈವರ್, ದಪ್ಪ ಬಟ್ಟೆ, ಕೆಂಪು ತ್ರಿಕೋನ ಡಿಕ್ಕಿಯಲ್ಲಿರಲಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033 ಮೊಬೈಲಿನಲ್ಲಿರಲಿ.

ನಾನೀಗ ಮಂಗಳೂರಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಹತ್ತು ರೂಪಾಯಿ ತಾಳೆಯಾಗದಿದ್ದರೂ ಅದೇ ಸಂಜೆ ಮೇಲಿನವರಿಗೆ ಹೇಳಿಬಿಡುತ್ತೇನೆ. ರಜೆಯಲ್ಲಿ ಪುತ್ತೂರಿಗೆ ಹೋದಾಗ ಮಾವ ಕಾರಿನ ಕೀ ಕೊಡುತ್ತಾರೆ. ಕೊಡುವ ಮೊದಲು ಒಂದೇ ಪ್ರಶ್ನೆ: "ಅಡಿ ನೋಡಿದ್ಯಾ?"