ಸರಳು ಹೊಡೆದರಷ್ಟೇ ಅರ್ಥಿಂಗ್ ಆಗದು

ಗದಗ ಸೀಮೆಯಲ್ಲಿ ಜಾತ್ರೆ, ಲಗ್ನ, ನಾಟಕಗಳ ಕಾಲ ಬಂತೆಂದರೆ ಸಣ್ಣ ಜನರೇಟರುಗಳಿಗೆ ಬಿಡುವೇ ಇರುವುದಿಲ್ಲ. ಕುರ್ತಕೋಟಿಯಂಥ ಊರುಗಳಲ್ಲಿ ಕರೆಂಟು ಹೋದ ಕೂಡಲೇ ಪೆಂಡಾಲಿನ ದೀಪ, ಮೈಕು, ಫ್ಯಾನುಗಳೆಲ್ಲ ಇದರ ಆಸರೆಯಲ್ಲೇ ನಡೆಯಬೇಕು. ಇಬ್ಬರು ಎತ್ತಿಕೊಂಡು ಬಂದು ಇಳಿಸುತ್ತಾರೆ, ಹಗ್ಗ ಎಳೆದು ಚಾಲೂ ಮಾಡುತ್ತಾರೆ. ಪಕ್ಕದಲ್ಲಿ ಮೊಳದುದ್ದದ ಕಬ್ಬಿಣದ ಸರಳು ಹೊಡೆದು ತಂತಿ ಸುತ್ತಿದರೆ 'ಅರ್ಥಿಂಗ್ ಆಯಿತು' ಎಂಬ ಸಮಾಧಾನ. ಈ ಸಮಾಧಾನ ಎಷ್ಟು ಸರಿ? ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಕರೆಂಟು ಹೋಗುವುದು ಎಲ್ಲಿಗೆ?

'ಭೂಮಿ ಕರೆಂಟನ್ನು ನುಂಗಿಬಿಡುತ್ತದೆ' ಎಂಬ ನಂಬಿಕೆ ಬಹಳ ಜನರಲ್ಲಿದೆ. ಇದು ನಿಜವಲ್ಲ. ವಿದ್ಯುತ್ ಎಲ್ಲಿಂದ ಹೊರಟಿತೋ ಅಲ್ಲಿಗೇ ಮರಳಬೇಕು. ಮರಳುವ ದಾರಿ ಇಲ್ಲದಿದ್ದರೆ ಅದು ಹರಿಯುವುದೇ ಇಲ್ಲ. ಊರಿನ ಟಿ.ಸಿ.ಯಲ್ಲಿ ನ್ಯೂಟ್ರಲ್ ತಂತಿಯನ್ನು ನೆಲಕ್ಕೆ ಜೋಡಿಸಿರುತ್ತಾರೆ. ಆದುದರಿಂದ ಬರಿಗಾಲಲ್ಲಿ ನಿಂತು ಫೇಸ್ ತಂತಿ ಮುಟ್ಟಿದರೆ, ಕರೆಂಟು ನಮ್ಮ ದೇಹ ಮತ್ತು ನೆಲದ ಮೂಲಕ ಟಿ.ಸಿ.ಗೆ ಮರಳುತ್ತದೆ, ಷಾಕ್ ಹೊಡೆಯುತ್ತದೆ.

ಸಣ್ಣ ಜನರೇಟರಿನ ಸಂಗತಿ ಬೇರೆ. ಬಹಳಷ್ಟು ಯಂತ್ರಗಳಲ್ಲಿ ಎರಡು ತಂತಿಗಳಲ್ಲಿ ಯಾವುದೂ ನೆಲಕ್ಕಾಗಲಿ, ಯಂತ್ರದ ಚೌಕಟ್ಟಿಗಾಗಲಿ ಸೇರಿರುವುದಿಲ್ಲ. ಒಂದೇ ತಂತಿ ಮುಟ್ಟಿದರೆ ಷಾಕ್ ಹೊಡೆಯದಿರಬಹುದು. ಅಪಾಯ ಅಡಗಿರುವುದೂ ಇಲ್ಲಿಯೇ. ವೈರು ಸುಲಿದು ಪೆಂಡಾಲಿನ ಕಬ್ಬಿಣದ ಕಂಬಕ್ಕೆ ತಗುಲಿದರೂ ಫ್ಯೂಸು ಹೋಗದು, ದೀಪ ಆರದು. ಮೊದಲ ದೋಷ ಸದ್ದಿಲ್ಲದೆ ಕುಳಿತಿರುತ್ತದೆ. ಮುಂದೆ ಇನ್ನೊಂದು ತಂತಿ ಮೈಕಿನ ಸ್ಟ್ಯಾಂಡಿಗೆ ತಗುಲಿತೆನ್ನಿ. ಒಂದು ಕೈಯಲ್ಲಿ ಕಂಬ, ಇನ್ನೊಂದು ಕೈಯಲ್ಲಿ ಸ್ಟ್ಯಾಂಡ್ ಹಿಡಿದವರ ಎದೆಯ ಮೂಲಕವೇ 230 ವೋಲ್ಟಿನ ದಾರಿ ಪೂರ್ಣವಾಗುತ್ತದೆ.

ಎರೆ ಭೂಮಿಯ ಲೆಕ್ಕ

ಹಾಗಾದರೆ ಒಂದು ತಂತಿಯನ್ನು ಸರಳಿಗೆ ಕಟ್ಟಿದರೆ ಸಾಕೆ? ನಮ್ಮದು ಎರೆ ಭೂಮಿ. ಹಸಿ ಇದ್ದಾಗ ಎರೆಮಣ್ಣು ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಗಿಡ್ಡ ಸರಳಿನ ಸುತ್ತ ಮಣ್ಣಿಗಿಂತ ಗಾಳಿಯೇ ಹೆಚ್ಚು. ಲಗ್ನಗಳ ಸುಗ್ಗಿಯೂ ಆಗಲೇ.

ಸರಳಿನದು 50 ಓಮ್, ಕಂಬದ ಬುಡದ್ದು 50 ಓಮ್, ಒಟ್ಟು 100 ಓಮ್ ರೋಧ ಎಂದಿಟ್ಟುಕೊಳ್ಳೋಣ. ಎರಡನೆಯ ತಂತಿ ಕಂಬಕ್ಕೆ ತಗುಲಿದರೆ, ಓಮ್‌ನ ನಿಯಮದಂತೆ ಹರಿಯುವುದು 2.3 ಆಂಪಿಯರ್. 10 ಆಂಪಿಯರಿನ ಫ್ಯೂಸು ಇದಕ್ಕೆ ಕರಗುವುದಿಲ್ಲ. ಕಂಬದಲ್ಲಿ ಮಾತ್ರ 115 ವೋಲ್ಟ್ ನಿಂತಿರುತ್ತದೆ. ದೇಹದ ರೋಧ 1,000 ಓಮ್ ಎಂದು ಹಿಡಿದರೆ, ಅದನ್ನು ಮುಟ್ಟಿದವರ ಮೈಯಲ್ಲಿ ಸುಮಾರು 115 ಮಿಲಿ ಆಂಪಿಯರ್ ಹರಿಯುತ್ತದೆ.

ಇದು ಎಷ್ಟು ಅಪಾಯ? ಅಮೆರಿಕದ ಬರ್ಕ್ಲಿಯಲ್ಲಿದ್ದ ವಿಜ್ಞಾನಿ ಚಾರ್ಲ್ಸ್ ಡಾಲ್ಝೀಲ್ ಪ್ರಯೋಗ ಮಾಡಿ ಕಂಡುಕೊಂಡಂತೆ, ಗಂಡಸರು ಸರಾಸರಿ 16, ಹೆಂಗಸರು ಸುಮಾರು 10.5 ಮಿಲಿ ಆಂಪಿಯರ್ ದಾಟಿದರೆ ಹಿಡಿದ ತಂತಿಯನ್ನು ಬಿಡಲಾರರು. ಅಂದರೆ ಜೀವ ತೆಗೆಯಬಲ್ಲ ಕರೆಂಟು ಫ್ಯೂಸಿನ ಗಮನಕ್ಕೇ ಬರುವುದಿಲ್ಲ.

ಕಾಯುವುದು ಯಾವುದು?

ಹರಿದುಹೋದ ಕರೆಂಟು ಅಷ್ಟೂ ಮರಳಿ ಬಂತೇ ಎಂದು ಲೆಕ್ಕ ಇಟ್ಟು, ಕೊರತೆ ಕಂಡರೆ ಕ್ಷಣಾರ್ಧದಲ್ಲಿ ಕಡಿದುಹಾಕುವ ಒಂದು ಸಾಧನವನ್ನು ಇದೇ ಡಾಲ್ಝೀಲ್ 1961ರಲ್ಲಿ ರೂಪಿಸಿದರು. ಅದೇ ತತ್ವದ ಆರ್.ಸಿ.ಸಿ.ಬಿ. ಇಂದು ವಿದ್ಯುತ್ ಸಾಮಗ್ರಿಗಳ ಅಂಗಡಿಯಲ್ಲಿ ಸಿಗುತ್ತದೆ. ಜೀವರಕ್ಷಣೆಗೆ 30 ಮಿಲಿ ಆಂಪಿಯರಿನದನ್ನೇ ಕೊಳ್ಳಬೇಕು.

ಆದರೆ ಎರಡೂ ತಂತಿಗಳು ಬಿಡಿಯಾಗಿರುವ ಜನರೇಟರಿಗೆ ಇದನ್ನು ಸುಮ್ಮನೆ ಕೂಡಿಸಿದರೆ ಅದು ಕೆಲಸ ಮಾಡದಿರಬಹುದು. ಸೋರಿದ ಕರೆಂಟಿಗೆ ಮರಳುವ ದಾರಿ ಬೇಕಲ್ಲವೆ? ಪೆಂಡಾಲಿಗೆ ಒಂಟಿಯಾಗಿ ನಡೆಯುವ ಜನರೇಟರಾದರೆ ಅದರ ನ್ಯೂಟ್ರಲ್, ಚೌಕಟ್ಟು ಮತ್ತು ಅರ್ಥ್ ಮೂರನ್ನೂ ಯಂತ್ರದ ಬಳಿ ಒಂದೇ ಕಡೆ ಜೋಡಿಸಿ, ಆಮೇಲೆ ಆರ್.ಸಿ.ಸಿ.ಬಿ. ಕೂಡಿಸಬೇಕು. ಅಲ್ಲಿಂದ ಮುಂದೆ ಮೂರು ಎಳೆಯ ಕೇಬಲ್ಲನ್ನೇ ಎಳೆದು, ಮೂರನೆಯ ಎಳೆಯನ್ನು ಲೋಹದ ಮೈಯಿರುವ ಪ್ರತಿಯೊಂದು ಸಾಧನಕ್ಕೂ ಮುಟ್ಟಿಸಬೇಕು. ಆಗ ದೋಷದ ಕರೆಂಟು ಒಣ ಮಣ್ಣನ್ನು ನಂಬದೆ ತಾಮ್ರದ ತಂತಿಯಲ್ಲೇ ಮರಳುತ್ತದೆ. ಅರ್ಥಿಂಗಿಗೆ ಭಾರತೀಯ ಮಾನಕ ಐ.ಎಸ್. 3043 ಹೇಳುವುದು ಎರಡೂವರೆ ಮೀಟರ್ ಉದ್ದದ ಪೈಪನ್ನು, ಮೊಳದ ಸರಳನ್ನಲ್ಲ. ಈ ಜೋಡಣೆಯೆಲ್ಲ ಪರವಾನಗಿ ಇರುವ ವೈರ್‌ಮನ್‌ನ ಕೆಲಸ. ಆರ್.ಸಿ.ಸಿ.ಬಿ.ಯ ಮೇಲಿನ 'ಟೆಸ್ಟ್' ಗುಂಡಿಯನ್ನು ಪ್ರತಿಸಲವೂ ಒತ್ತಿ ನೋಡುವುದಂತೂ ಯಾರಿಂದಲೂ ಆಗುವ ಕೆಲಸ.

ಕಂಬದ ಮೇಲಿದ್ದವರ ಜೀವ

ಪೆಂಡಾಲಿನ ಮಾತು ಇದಾಯಿತು. ಮನೆಗೆ ಜನರೇಟರ್ ಕೊಡುವಾಗ ಇನ್ನೊಂದು ಅಪಾಯವಿದೆ. ಎರಡೂ ತುದಿಗೆ ಪಿನ್ ಇರುವ ವೈರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚುವವರುಂಟು. ಮೇನ್ ಸ್ವಿಚ್ ತೆಗೆಯಲು ಮರೆತರೆ ಕರೆಂಟು ಹೊರಗಿನ ಲೈನಿಗೆ ಹೋಗುತ್ತದೆ. 'ನಮ್ಮ ಸಣ್ಣ ಯಂತ್ರ ಇಡೀ ಊರಿಗೆ ಕರೆಂಟು ಕೊಟ್ಟೀತೆ?' ಎಂದು ಕೇಳಬಹುದು. ಇಡೀ ಊರಿನ ಹೊರೆ ಬಿದ್ದರೆ ಅದು ನಿಂತೇ ಹೋಗುತ್ತದೆ, ನಿಜ. ಆದರೆ ಲೈನ್‌ಮನ್ ರಿಪೇರಿಗಾಗಿ ಕಂಬದಲ್ಲಿ ತಂತಿ ಬಿಡಿಸಿದ್ದಾಗ ಹೊರೆ ಎಲ್ಲಿಯದು? ಆ ತಂತಿಯ ತುದಿಯಲ್ಲಿ ಪೂರ್ತಿ 230 ವೋಲ್ಟ್ ಇರುತ್ತದೆ. ಟಿ.ಸಿ.ಯನ್ನು ಹಿಮ್ಮುಖವಾಗಿ ಹೊಕ್ಕರಂತೂ ಆಚೆ ಬದಿಗೆ ಸಾವಿರಾರು ವೋಲ್ಟ್ ಆಗುತ್ತದೆ. ಲೈನ್ ಸತ್ತಿದೆಯೆಂದು ನಂಬಿ ಕೈಯಿಟ್ಟವರ ಗತಿಯೇನು? ಇದಕ್ಕಿರುವ ಉಪಾಯವೆಂದರೆ ಚೇಂಜ್‌ಓವರ್ ಸ್ವಿಚ್. ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವ ಈ ಸ್ವಿಚ್ಚಿನಲ್ಲಿ ಎರಡು ಕಡೆಯ ಕರೆಂಟು ಎಂದೂ ಕೂಡುವುದಿಲ್ಲ.

ಕೊನೆಯದಾಗಿ ಹೊಗೆಯ ಮಾತು. ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪಡಸಾಲೆಯಲ್ಲಾಗಲಿ, ಬಾಗಿಲು ಎಳೆದ ಅಂಗಡಿಯಲ್ಲಾಗಲಿ ಯಂತ್ರ ನಡೆಸಬಾರದು. ಬಯಲಿನಲ್ಲಿ, ಕಿಟಕಿಗಳಿಂದ ದೂರ, ಮಳೆ ತಾಗದಂತೆ ಇಡಬೇಕು. ಪೆಟ್ರೋಲನ್ನು ಯಂತ್ರ ನಿಲ್ಲಿಸಿ, ಆರಿದ ಮೇಲೆಯೇ ಹಾಕಬೇಕು.

ಮುಂದಿನ ಸಲ ಜನರೇಟರ್ ಬಾಡಿಗೆಗೆ ತರುವಾಗ 'ಎಷ್ಟು ದೀಪ ಹತ್ತುತ್ತವೆ?' ಎಂದು ಕೇಳುವ ಮೊದಲು 'ಆರ್.ಸಿ.ಸಿ.ಬಿ. ಇದೆಯೆ? ಗುಂಡಿ ಒತ್ತಿ ತೋರಿಸಿರಿ' ಎಂದು ಕೇಳಿರಿ. ಲಗ್ನದ ಖರ್ಚಿನಲ್ಲಿ ಇದೊಂದು ದೊಡ್ಡ ಬಾಬತ್ತೇನೂ ಅಲ್ಲ.