ಕೀಬೋರ್ಡಿನಲ್ಲಿ ಚಂಡೆಯ ಪೆಟ್ಟು

ಬೈಂದೂರಿಗೆ ತಾಗಿಕೊಂಡಿರುವ ಯಡ್ತರೆಯ ಆಸುಪಾಸಿನಲ್ಲಿ ಮಳೆಗಾಲ ಕಳೆದರೆ ಆಟದ ಕಾಲ. ಮಾರಣಕಟ್ಟೆ, ಮಂದಾರ್ತಿ ಮೇಳಗಳ ತಿರುಗಾಟದ ಸೀಮೆ ಇದು. ಬಡಗುತಿಟ್ಟಿನ ಚಂಡೆಯ ಪೆಟ್ಟನ್ನು ಇಲ್ಲಿಯವರು ಮೂರು ಗದ್ದೆಯಾಚೆಯಿಂದಲೇ ಗುರುತಿಸಬಲ್ಲರು. ಅದೇ ಪೆಟ್ಟು ಕೀಬೋರ್ಡ್ ಸಿಂಥಸೈಜರಿನಿಂದ ಹೊರಡಬೇಕೆಂದರೆ? ಅಂಗಡಿಯಿಂದ ತಂದ ಯಂತ್ರದಲ್ಲಿ ಪಿಯಾನೊ, ವಯಲಿನ್, ಕಹಳೆಗಳೆಂದು ನೂರಾರು ಸಿದ್ಧ ದನಿಗಳಿರುತ್ತವೆ. ನಮ್ಮ ಮಾರುಕಟ್ಟೆಗೆಂದು ತಯಾರಾದ ಮಾದರಿಗಳಲ್ಲಿ ತಬಲಾ, ಸಿತಾರ್ ಕೂಡ ಉಂಟು. ಬಡಗಿನ ಚಂಡೆಯನ್ನು ಮಾತ್ರ ನಾವೇ ಕಟ್ಟಿಕೊಳ್ಳಬೇಕು.

ಯಕ್ಷಗಾನದ ಹಿಮ್ಮೇಳಕ್ಕೆ ವಿದ್ಯುತ್ತಿನ ನಾದ ಹೊಸತೇನಲ್ಲ. ಶ್ರುತಿಗೆ ಹಿಂದೆ ಪುಂಗಿಯಿತ್ತು, ಆಮೇಲೆ ಹಾರ್ಮೋನಿಯಂ ಬಂತು, ಅದರ ಜಾಗಕ್ಕೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಂತು. ಆದರೆ ಶ್ರುತಿಪೆಟ್ಟಿಗೆಯ ಕೆಲಸ ಒಂದೇ ನಾದವನ್ನು ಅಲುಗಾಡದೆ ಹಿಡಿದು ನಿಲ್ಲುವುದು. ನಾದದ ಹುಟ್ಟು, ಬೆಳವಣಿಗೆ, ಸಾವುಗಳನ್ನೆಲ್ಲ ಬದಲಿಸಲು ಬಿಡುವ ಯಂತ್ರವೇ ಸಿಂಥಸೈಜರ್.

ಅದರ ಒಳಗಿನ ವ್ಯವಹಾರ ಮೇಲ್ನೋಟಕ್ಕೆ ಕಾಣುವಷ್ಟು ಜಟಿಲವಲ್ಲ. ಮೊದಲಿಗೆ ಒಂದು ಮೂಲ ಅಲೆ ಬೇಕು. ಗರಗಸದ ಹಲ್ಲಿನಂಥ ಅಲೆಯಲ್ಲಿ ಮೂಲಸ್ವರದ ಎಲ್ಲ ಉಪಸ್ವರಗಳೂ ಇರುತ್ತವೆ, ಹಾಗಾಗಿ ಅದರ ದನಿ ಚುರುಕು. ಚೌಕದ ಅಲೆಯಲ್ಲಿ ಬೆಸಸಂಖ್ಯೆಯವು ಮಾತ್ರ, ದನಿ ಟೊಳ್ಳು. ಸೈನ್ ಅಲೆಯಲ್ಲಿ ಉಪಸ್ವರವೇ ಇಲ್ಲ. ಈ ಅಲೆ 'ಫಿಲ್ಟರ್' ಎಂಬ ಸೋಸಣಿಗೆಯನ್ನು ದಾಟುವಾಗ ಬೇಡದ ಉಪಸ್ವರಗಳು ಕಳೆದುಹೋಗುತ್ತವೆ. ಕೊನೆಗೆ 'ಎನ್‌ವಲಪ್': ದನಿ ಎಷ್ಟು ಬೇಗ ಏರಬೇಕು, ಎಷ್ಟು ಬೇಗ ಇಳಿಯಬೇಕು, ಎಲ್ಲಿ ನಿಲ್ಲಬೇಕು, ಬೆರಳೆತ್ತಿದ ಮೇಲೆ ಎಷ್ಟು ಹೊತ್ತು ಉಳಿಯಬೇಕು ಎಂಬ ನಾಲ್ಕು ಅಳತೆಗಳು. 1964ರಲ್ಲಿ ರಾಬರ್ಟ್ ಮೂಗ್ ಅಮೆರಿಕದಲ್ಲಿ ಸಿಂಥಸೈಜರ್ ಕಟ್ಟತೊಡಗಿದ ಮೇಲೆ, ವ್ಲಾದಿಮಿರ್ ಉಸಾಚೆವ್‌ಸ್ಕಿ ಎಂಬ ಸಂಗೀತಗಾರನ ಬೇಡಿಕೆಯಿಂದ ರೂಪುಗೊಂಡ ಈ ನಾಲ್ಕರ ಲೆಕ್ಕ ಇಂದಿಗೂ ಬಹುಪಾಲು ಕೀಬೋರ್ಡುಗಳಲ್ಲಿದೆ.

ಈಗ ಚಂಡೆಗೆ ಬರೋಣ. ಒಂದು ಪೆಟ್ಟನ್ನು ಗಮನವಿಟ್ಟು ಕೇಳಿ, ಅದರಲ್ಲಿ ಎರಡು ಸದ್ದುಗಳಿವೆ. ಕೋಲು ಚರ್ಮಕ್ಕೆ ತಗುಲಿದ ಕ್ಷಣದ 'ಟಕ್' ಒಂದು, ಬಿಗಿದ ಚರ್ಮ ಮಿಡಿಯುವ ನಾದ ಇನ್ನೊಂದು. ಕೀಬೋರ್ಡಿನಲ್ಲೂ ಎರಡು ಪದರ ಬೇಕು. ಮೊದಲನೆಯದಕ್ಕೆ 'ನಾಯ್ಸ್', ಅಂದರೆ ಹಂಚಿನ ಮೇಲೆ ಸುರಿಯುವ ಮಳೆಯಂಥ, ಸ್ವರವಿಲ್ಲದ ಸದ್ದು. ಏರುವ ಸಮಯ ಸೊನ್ನೆ, ಇಳಿಯುವುದು ಸೆಕೆಂಡಿನ ಐವತ್ತನೆಯ ಒಂದು ಭಾಗದಲ್ಲಿ. ಎರಡನೆಯದಕ್ಕೆ ಮೆದುವಾದ ತ್ರಿಕೋನದ ಅಲೆ, ಅದು ಇನ್ನೂ ತುಸು ಹೊತ್ತು ಬಾಳಲಿ. ಅದರ ಸ್ವರ ಮೇಲಿನಿಂದ ಶುರುವಾಗಿ ತಟ್ಟನೆ ತನ್ನ ಸ್ಥಾನಕ್ಕೆ ಜಾರುವಂತೆ ಮಾಡಬೇಕು. ಹೊಡೆತದ ಬಿರುಸಿಗೆ ಚರ್ಮ ಒಂದು ಕ್ಷಣ ಹೆಚ್ಚು ಬಿಗಿಯುವುದರಿಂದ ನಿಜವಾದ ವಾದ್ಯದಲ್ಲೂ ಹೀಗೆಯೇ ಆಗುತ್ತದೆ. ಈ ಜಾರು ತಪ್ಪಿದರೆ ಚಂಡೆ ಹೋಗಿ ಡಬ್ಬಿಯಾಗುತ್ತದೆ.

ಬಡಗಿನ ಚಂಡೆಯನ್ನು ಹಗ್ಗ ಬಿಗಿದು ಭಾಗವತರ ಶ್ರುತಿಗೆ ಸೇರಿಸುತ್ತಾರೆ. ಕೀಬೋರ್ಡಿನಲ್ಲಿ ಕಟ್ಟಿದ್ದನ್ನೂ ಹಾಗೆ ಸೇರಿಸದಿದ್ದರೆ ಎಲ್ಲ ಶ್ರಮವೂ ವ್ಯರ್ಥ. ಪದ್ಯವನ್ನೇ ನುಡಿಸುವುದಾದರೆ ತೊಡಕು ಇನ್ನೂ ಆಳದ್ದು. ಕೀಬೋರ್ಡಿನ ಹನ್ನೆರಡು ಮನೆಗಳು ಸಮ ಅಂತರದವು. ಸಪ್ತಕವನ್ನು 1200 'ಸೆಂಟ್'ಗಳಾಗಿ ಹಂಚಿದರೆ ಅಂತರ ಗಾಂಧಾರ ಅಲ್ಲಿ 400ಕ್ಕೆ ಬೀಳುತ್ತದೆ, ತಂಬೂರದ ನಾದಕ್ಕೆ ಹೊಂದುವ ಗಾಂಧಾರವಾದರೋ 386ರ ಆಸುಪಾಸು. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮಿಗೆ ಬಾಗಿಲು ಮುಚ್ಚಿ 1971ರವರೆಗೂ ತೆರೆಯದಿದ್ದುದಕ್ಕೆ ಇಂಥ ಆಕ್ಷೇಪಗಳೇ ಹಿನ್ನೆಲೆ. ಹಾರ್ಮೋನಿಯಂ ಇದಕ್ಕೆ ಉತ್ತರ ಕೊಡಲಾರದು. ಅನೇಕ ಕೀಬೋರ್ಡುಗಳು ಕೊಡಬಲ್ಲವು, ಅವುಗಳ 'ಸ್ಕೇಲ್ ಟ್ಯೂನಿಂಗ್' ಪುಟದಲ್ಲಿ ಪ್ರತಿ ಸ್ವರವನ್ನೂ ಬೇಕಾದಷ್ಟು ಇಳಿಸಬಹುದು, ಏರಿಸಬಹುದು. ಗಮಕಕ್ಕೆ ಪಕ್ಕದ ಚಕ್ರವಿದೆ. ಅದನ್ನು ಎಷ್ಟು ಸ್ವರದವರೆಗೆ ಜಗ್ಗಬಹುದೆಂಬುದೂ ನಾವು ಗೊತ್ತುಪಡಿಸಬಹುದಾದ ಸಂಗತಿಯೇ. ಮದುವೆ ಮನೆಗಳಲ್ಲಿ ನುಡಿಸುವ ಎಷ್ಟೋ ಕೈಗಳು ಆ ಪುಟವನ್ನು ತೆರೆದೇ ನೋಡುವುದಿಲ್ಲವೆಂಬುದು ನನ್ನ ದೂರು.

ದೂರು ನಮ್ಮವರ ಮೇಲಷ್ಟೇ ಅಲ್ಲ ಬಿಡಿ. 1983ರಲ್ಲಿ ಬಂದ ಯಮಹಾ ಡಿಎಕ್ಸ್ 7ರ ಒಳಗೆ ಆರು ಅಲೆಗಳನ್ನು 32 ಬಗೆಯಲ್ಲಿ ಜೋಡಿಸುವ ಸೌಕರ್ಯವಿತ್ತು. ಆದರೆ ಆ ಪುಟ್ಟ ಪರದೆಯಲ್ಲಿ ಒಂದೊಂದೇ ಅಂಕಿಯನ್ನು ತಿದ್ದುವ ತಾಳ್ಮೆ ಹೆಚ್ಚಿನವರಿಗೆ ಇರಲಿಲ್ಲ. ಕಾರ್ಖಾನೆಯವರು ತುಂಬಿ ಕಳಿಸಿದ ಅದೇ ಪಿಯಾನೊ, ಅದೇ ಗಂಟೆ ಆ ದಶಕದ ಸಿನಿಮಾ ಹಾಡುಗಳಲ್ಲಿ ದೇಶದೇಶಗಳಲ್ಲಿ ಕೇಳಿಬಂದವು. ಈಗ ಅಂಥ ಕೆಲಸಕ್ಕೆ ಮಹಾನಗರವೇ ಆಗಬೇಕೆಂದಿಲ್ಲ. 'ಉಗ್ರಂ', 'ಕೆಜಿಎಫ್' ಚಿತ್ರಗಳ ಸಂಗೀತ ನಿರ್ದೇಶಕ ರವಿ ಬಸ್ರೂರು ಕುಂದಾಪುರದ ಹತ್ತಿರದ ತಮ್ಮ ಊರಿನಲ್ಲೇ ಸ್ಟುಡಿಯೊ ಕಟ್ಟಿಕೊಂಡಿದ್ದಾರೆ.

ಇಷ್ಟಾಗಿಯೂ ಉರುಳಿಕೆಯ ಕಷ್ಟ ಉಳಿಯುತ್ತದೆ. ಕೋಲುಗಳೆರಡು ಬಿಡದೆ ಬೀಳುವಾಗ ಯಾವ ಎರಡು ಪೆಟ್ಟೂ ಒಂದೇ ತೆರನಾಗಿ ಇರುವುದಿಲ್ಲ. ಯಂತ್ರವೋ ಒಂದೇ ಪೆಟ್ಟನ್ನು ನೂರು ಸಲ ಒಪ್ಪಿಸಿ ಹೊಲಿಗೆ ಯಂತ್ರದಂತೆ ಓಡುತ್ತದೆ. ಬೆರಳಿನ ಬಲ ಹೆಚ್ಚಿದಂತೆ ಸೋಸಣಿಗೆ ತೆರೆದುಕೊಳ್ಳುವಂತೆ ಮಾಡಿ, ಪ್ರತಿ ಪೆಟ್ಟಿನ ಸ್ವರ ನಾಲ್ಕೈದು ಸೆಂಟಿನಷ್ಟು ಅತ್ತಿತ್ತ ತಪ್ಪುವಂತೆ ಬಿಟ್ಟರೆ ಸ್ವಲ್ಪ ಜೀವ ಬರುತ್ತದೆ. ಆ ತಪ್ಪು ಎಷ್ಟಿರಬೇಕೆಂದು ಯಾವ ಕೈಪಿಡಿಯೂ ಹೇಳುವುದಿಲ್ಲ. ರಂಗಸ್ಥಳದ ಪಕ್ಕ ಬೆಳಗಿನ ತನಕ ಕೂತು ಕೇಳಿದ ಕಿವಿಯೇ ಅದನ್ನು ಗೊತ್ತುಮಾಡಬೇಕು.