ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ

ಹದಿನೈದಿಪ್ಪತ್ತು ವರ್ಷಗಳ ಹಿಂದೆ ಮನೆಗೆ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡವರಿಗೆ ರಾತ್ರಿ ಎರಡು ಗಂಟೆಯ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ. ತಿಂಗಳಿಗೆ 500 ರೂಪಾಯಿಯ ‘ಹೋಂ 500’ ಯೋಜನೆಯಲ್ಲಿ 2.5 ಜಿಬಿ ಡೇಟಾ ಸಿಗುತ್ತಿತ್ತು. ಅದು ಮುಗಿದರೆ ಒಂದೊಂದು ಎಂಬಿಗೂ ದುಡ್ಡು. ಆದರೆ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಇಳಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಹಾಗಾಗಿ ಊರೆಲ್ಲ ಮಲಗಿದ ಮೇಲೆ ಅಲಾರಾಂ ಇಟ್ಟು ಎದ್ದು ಕಂಪ್ಯೂಟರ್ ಹಾಕುವ ಒಂದು ಪೀಳಿಗೆಯೇ ತಯಾರಾಯಿತು. ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಎದ್ದುಹೋಗಿ ಪಂಪ್‌ಸೆಟ್ ಚಾಲೂ ಮಾಡುವ ನಮ್ಮ ರೈತರ ಪಾಡೇ ಇವರದೂ ಆಗಿತ್ತು.

ಇದಕ್ಕೊಂದು ಶಿಸ್ತೇ ಇತ್ತು. ಎರಡು ಗಂಟೆಗೆ ಮುಂಚೆ ಕನೆಕ್ಷನ್ ಕಡಿದು, ಎರಡು ದಾಟಿ ಕೆಲವು ನಿಮಿಷ ಬಿಟ್ಟು ಮತ್ತೆ ಜೋಡಿಸಬೇಕು. ನಮ್ಮ ಗಡಿಯಾರಕ್ಕೂ ಕಂಪನಿಯ ಗಡಿಯಾರಕ್ಕೂ ವ್ಯತ್ಯಾಸವಿದ್ದರೆ ಬಿಲ್ ನಮಗೇ. ಎಂಟಕ್ಕೆ ಐದು ನಿಮಿಷ ಮೊದಲೇ ಆಫ್ ಮಾಡಬೇಕು. ಫ್ಲ್ಯಾಶ್‌ಗೆಟ್‌ನಂಥ ಡೌನ್‌ಲೋಡ್ ಮ್ಯಾನೇಜರುಗಳಲ್ಲಿ ಹೊತ್ತು ಗೊತ್ತುಮಾಡಿ ಮಲಗುವ ಸೌಲಭ್ಯವಿತ್ತು, ಆದರೆ ನಡುವೆ ಕರೆಂಟ್ ಹೋದರೆ ಆ ರಾತ್ರಿ ವ್ಯರ್ಥ. ಒಂದು ಉಬುಂಟು ಸಿಡಿಯ ತೂಕ ಸುಮಾರು 700 ಎಂಬಿ. 256 ಕೆಬಿಪಿಎಸ್ ವೇಗದಲ್ಲಿ ಅದು ಇಳಿಯಲು ಬೇಕಾದದ್ದು ಆರು ಗಂಟೆ ಚಿಲ್ಲರೆ. ಅಂದರೆ ಇಡೀ ರಾತ್ರಿ ಲೈನ್ ಒಮ್ಮೆಯೂ ಕಡಿಯದೆ ಇದ್ದರೂ ಎಂಟರೊಳಗೆ ಸಿಡಿ ಪೂರ್ತಿಯಾಗುತ್ತಿರಲಿಲ್ಲ.

ಆ 256 ಎಂಬ ಸಂಖ್ಯೆ ಬಂದದ್ದು 2004ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಬ್ರಾಡ್‌ಬ್ಯಾಂಡ್ ನೀತಿಯಿಂದ. ಕನಿಷ್ಠ 256 ಕೆಬಿಪಿಎಸ್ ವೇಗದ, ಸದಾ ಚಾಲನೆಯಲ್ಲಿರುವ ಸಂಪರ್ಕಕ್ಕೆ ಮಾತ್ರ ಆ ಹೆಸರು ಸಲ್ಲಬೇಕೆಂದು ಅದು ಹೇಳಿತು. 2010ರ ಹೊತ್ತಿಗೆ ಎರಡು ಕೋಟಿ ಚಂದಾದಾರರ ಗುರಿಯನ್ನೂ ಇಟ್ಟುಕೊಂಡಿತು. ಮುಟ್ಟಿದ್ದು ಅದರ ಅರ್ಧದಷ್ಟು. ಬಿಎಸ್‌ಎನ್‌ಎಲ್‌ನ ‘ಡೇಟಾ ಒನ್’ ಶುರುವಾದದ್ದು 2005ರ ಜನವರಿಯಲ್ಲಿ. ಸದಾ ಚಾಲನೆಯಲ್ಲಿರಬೇಕಾದ ಮೋಡೆಮ್ಮನ್ನು ಜನ ಕೆಲಸ ಮುಗಿದ ಕೂಡಲೇ ಭಯದಿಂದ ಆರಿಸಿಡುತ್ತಿದ್ದರು. ಇದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಭಯಕ್ಕೆ ಕಾರಣವಿತ್ತು. 2007ರ ಆರಂಭದಲ್ಲಿ ಬಿಎಸ್‌ಎನ್‌ಎಲ್ ಹಳೆಯ ದರದಲ್ಲೇ ವೇಗವನ್ನು 2 ಎಂಬಿಪಿಎಸ್‌ಗೆ ಏರಿಸಿತು. ಒಂದೇ ಏಟಿಗೆ ಸುಮಾರು ಎಂಟು ಪಟ್ಟು! ಜನ ಹಿಗ್ಗಿದರು. ಆದರೆ ಮಿತಿ ವೇಗಕ್ಕೆ ಸಮನಾಗಿ ಬೆಳೆಯಲಿಲ್ಲ. 250 ರೂಪಾಯಿಯ ಯೋಜನೆಯಲ್ಲಿ ಸಿಗುತ್ತಿದ್ದ 1 ಜಿಬಿ, ಈ ಪೂರ್ಣ ವೇಗದಲ್ಲಿ ಒಂದು ಗಂಟೆ ಚಿಲ್ಲರೆಯಲ್ಲಿ ಖಾಲಿಯಾಗುವಂಥದ್ದು. ತಿಂಗಳ ಮೊದಲ ದಿನ ವಿಂಡೋಸ್ ತಾನಾಗಿಯೇ ಅಪ್‌ಡೇಟ್ ಆಗಲು ಹೊರಟರೆ ಉಳಿದ ಇಪ್ಪತ್ತೊಂಬತ್ತು ದಿನ ಮೀಟರ್ ಓಡುತ್ತದೆ. ಮಿತಿ ಮೀರಿದ ಎಂಬಿಯ ದರ ಒಂದು ರೂಪಾಯಿಯ ಆಸುಪಾಸಿನಲ್ಲಿತ್ತು. ಇನ್ನೊಂದು ಜಿಬಿ ಬಳಸಿದರೆ 250ರ ಬಿಲ್ಲಿಗೆ ಸಾವಿರದ ಹತ್ತಿರ ಸೇರುತ್ತದೆ. ವೈಫೈಗೆ ಪಾಸ್‌ವರ್ಡ್ ಹಾಕಬೇಕೆಂಬುದೇ ಗೊತ್ತಿಲ್ಲದ ಮನೆಗಳಲ್ಲಿ ಪಕ್ಕದ ಮನೆಯವರ ಬಳಕೆಯೂ ಇದೇ ಬಿಲ್ಲಿಗೆ ಬೀಳುತ್ತಿತ್ತು.

ಎರಡರಿಂದ ಎಂಟೇ ಏಕೆ? ನಾವು ನೋಡುತ್ತಿದ್ದ ತಾಣಗಳಲ್ಲಿ ಹೆಚ್ಚಿನವು ವಿದೇಶದಲ್ಲಿದ್ದವು. ಅಲ್ಲಿಗೆ ಹೋಗುವ ಸಮುದ್ರದಡಿಯ ಕೇಬಲ್‌ಗಳು ಮುಂಬೈ, ಚೆನ್ನೈ, ಕೊಚ್ಚಿಯಲ್ಲಿ ದಡ ಸೇರುತ್ತಿದ್ದವು, ದಡದ ಆ ಕೇಂದ್ರಗಳು ಬೆರಳೆಣಿಕೆಯ ಕಂಪನಿಗಳ ಕೈಯಲ್ಲಿದ್ದವು. ಬಾಡಿಗೆ ದುಬಾರಿ. ಹಗಲು ಬಾಡಿಗೆಗೆ ಪಡೆದ ಜಾಗ ಕಚೇರಿಗಳಿಂದ ತುಂಬಿ ತುಳುಕುತ್ತಿತ್ತು, ರಾತ್ರಿ ಖಾಲಿ ಬಿದ್ದಿರುತ್ತಿತ್ತು. ದುಡ್ಡು ಕೊಟ್ಟಾಗಿದ್ದ ಆ ಖಾಲಿ ಜಾಗವನ್ನೇ ನಿದ್ದೆಗೆಡಲು ಒಪ್ಪಿದವರಿಗೆ ಬಿಟ್ಟುಕೊಟ್ಟರು. ಇನ್ನೊಂದು ಬಾಗಿಲನ್ನು ಸರ್ಕಾರವೇ ಮುಚ್ಚಿತ್ತು. ಮನೆಮನೆಗೆ ಎಳೆದಿದ್ದ ತಾಮ್ರದ ತಂತಿಯನ್ನು ಬೇರೆ ಕಂಪನಿಗಳಿಗೂ ಬಾಡಿಗೆಗೆ ಕೊಡಿಸಿ ಎಂದು 2004ರಲ್ಲೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಶಿಫಾರಸು ಮಾಡಿತ್ತು. ನೀತಿ ಅದನ್ನು ಕಡ್ಡಾಯ ಮಾಡಲಿಲ್ಲ. ಪೈಪೋಟಿ ಇಲ್ಲದ ಕಡೆ ಮಿತಿಯನ್ನು ಸಡಿಲಿಸುವ ದರ್ದು ಯಾರಿಗೂ ಇರುವುದಿಲ್ಲ.

ವೇಗವೂ ಹೇಳಿದಷ್ಟು ಸಿಗುತ್ತಿರಲಿಲ್ಲ. ಎಕ್ಸ್‌ಚೇಂಜಿನಿಂದ ಮನೆ ದೂರವಾದಷ್ಟೂ ತಾಮ್ರದಲ್ಲಿ ಸಿಗ್ನಲ್ ಸೊರಗುತ್ತದೆ. ಮಳೆ ಬಂದರೆ ಜಾಯಿಂಟ್‌ಗಳಿಗೆ ನೀರಿಳಿದು ಫೋನಿನಲ್ಲಿ ಕರಕರ, ಮೋಡೆಮ್ಮಿನ ಡಿಎಸ್‌ಎಲ್ ದೀಪ ಮಿಣಮಿಣ. ಆಗ ಲೈನ್‌ಮನ್ ಬರುತ್ತಿದ್ದರು. ರಿಸೀವರ್ ಎತ್ತಿ ಕಿವಿಗೊಟ್ಟು ಸದ್ದು ಕೇಳಿಯೇ ದೋಷ ಒಳಗೋ ಕಂಬದಲ್ಲೋ ಹೇಳುತ್ತಿದ್ದ ಹಿರಿಯರು ಅವರಲ್ಲಿದ್ದರು. 2020ರ ಜನವರಿ ಕೊನೆಗೆ 78 ಸಾವಿರಕ್ಕೂ ಹೆಚ್ಚು ಬಿಎಸ್‌ಎನ್‌ಎಲ್ ನೌಕರರು ಸ್ವಯಂನಿವೃತ್ತಿ ಪಡೆದು ಹೊರನಡೆದರು. ಅವರೊಂದಿಗೆ ಹೋದ ಆ ಅನುಭವವನ್ನು ಯಾವ ಕಾಲ್‌ಸೆಂಟರೂ ತುಂಬಿಕೊಡಲಿಲ್ಲ.

ಅಷ್ಟರಲ್ಲಿ ಮಿತಿಯ ವೇಷ ಬದಲಾಗಿತ್ತು. ಹೆಚ್ಚುವರಿ ಬಿಲ್ ಬದಲು ‘ಅನ್‌ಲಿಮಿಟೆಡ್’ ಹೆಸರಿನ ಯೋಜನೆಗಳು ಬಂದವು. ಗೊತ್ತಾದಷ್ಟು ಬಳಸಿದ ಮೇಲೆ ವೇಗ ಪಾತಾಳಕ್ಕೆ. ಇದಕ್ಕೆ ಕಂಪನಿಗಳು ಇಟ್ಟ ಹೆಸರು ನ್ಯಾಯಯುತ ಬಳಕೆಯ ನೀತಿ, ಎಲ್ಲರ ಬಾಯಲ್ಲಿ ಎಫ್‌ಯುಪಿ. ದೂರುಗಳು ಹೆಚ್ಚಿದವು. ಮಿತಿ ಎಷ್ಟು, ಅದಕ್ಕೆ ಮುಂಚಿನ ವೇಗವೆಷ್ಟು, ಆಮೇಲಿನದೆಷ್ಟು ಎಂಬುದನ್ನು ಸ್ಪಷ್ಟವಾಗಿ ಪ್ರಕಟಿಸಿ ಎಂದು 2012ರ ಜುಲೈನಲ್ಲಿ ಟ್ರಾಯ್ ಆದೇಶಿಸಿತು. ಮಿತಿ ದಾಟಿದ ಮೇಲೂ ತಂತಿ ಬ್ರಾಡ್‌ಬ್ಯಾಂಡಿನ ವೇಗ 512 ಕೆಬಿಪಿಎಸ್‌ಗಿಂತ ಇಳಿಯಬಾರದೆಂದು 2016ರ ಅಕ್ಟೋಬರಿನಲ್ಲಿ ಹೇಳಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಮೊಬೈಲ್ ಡೇಟಾದ ದರವೇ ಕುಸಿದಿತ್ತು.

ಬ್ರಾಡ್‌ಬ್ಯಾಂಡಿನ ಸರ್ಕಾರಿ ವ್ಯಾಖ್ಯೆ 2 ಎಂಬಿಪಿಎಸ್‌ಗೆ ಏರಿದ್ದು 2023ರ ಜನವರಿಯಲ್ಲಿ. ಬಿಎಸ್‌ಎನ್‌ಎಲ್ ಅದೇ ವೇಗ ಕೊಡುತ್ತೇನೆಂದು ಹೇಳಿ ಹದಿನಾರು ವರ್ಷಗಳಾಗಿದ್ದವು. ಈಗ ಫೈಬರ್ ಬಂದಿದೆ, ಅನೇಕ ‘ಅನ್‌ಲಿಮಿಟೆಡ್’ ಯೋಜನೆಗಳ ಒಳಗೆ ತಿಂಗಳಿಗೆ 3,300 ಜಿಬಿಯ ಮಿತಿಯಿದೆ. ಸಾಮಾನ್ಯ ಮನೆಯೊಂದು ಅಲ್ಲಿಗೆ ಮುಟ್ಟುವುದು ಕಷ್ಟ, ನಿಜ. ಆದರೂ ಜಾಹೀರಾತಿನಲ್ಲಿ ವೇಗವನ್ನು ದೊಡ್ಡ ಅಕ್ಷರದಲ್ಲಿ ಹಾಕುವವರು ಆ ಮಿತಿಯನ್ನು ಕೆಳಗಿನ ಷರತ್ತುಗಳಲ್ಲಿ ಹುದುಗಿಸಿಡುವುದೇಕೆ? ಟ್ರಾಯ್ 2012ರಲ್ಲಿ ಕೇಳಿದ್ದು ಎರಡನ್ನೂ ತೆರೆದು ಹೇಳಿ ಎಂದೇ.